ಸಿ. ವಿ. ರಾಮನ್ ಮತ್ತು ದೃಷ್ಟಿಯ ಅಧ್ಯಯನ

ಚಂದ್ರಶೇಖರ ವೆಂಕಟ ರಾಮನ್ (ನವೆಂಬರ್ ೭, ೧೮೮೮ – ನವೆಂಬರ್ ೨೧, ೧೯೭೦) ಬೆಳಕಿನ ಚದುರುವಿಕೆಯ ಸಂಶೋಧನೆಗಾಗಿ ೧೯೩೦ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಭಾರತೀಯ ಭೌತವಿಜ್ಞಾನಿ. ಜೀವನದ ಕೊನೆಯ ವರ್ಷಗಳಲ್ಲಿ ಇವರು ಕಣ್ಣು ಬಣ್ಣವನ್ನು ಗ್ರಹಿಸುವ ಬಗೆಯನ್ನು ಅಭ್ಯಸಿಸಿದರು.

ಜೀವನ

ತಿರುಚಿರಾಪಳ್ಳಿಯಲ್ಲಿ ಜನಿಸಿದ ರಾಮನ್ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ, ೧೯೦೭ರಲ್ಲಿ ಸರ್ಕಾರದ ಹಣಕಾಸು ಇಲಾಖೆಯನ್ನು ಸೇರಿದರು. ೧೯೧೭ರಲ್ಲಿ ಆ ಹುದ್ದೆಯನ್ನು ತೊರೆದು ಕಲ್ಕತ್ತ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ೧೯೩೩ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ನಿರ್ದೇಶಕರಾಗಿ ಬಂದರು. ೧೯೪೮ರಲ್ಲಿ ನಿವೃತ್ತರಾದ ಬಳಿಕ, ತಾವೇ ಸ್ಥಾಪಿಸಿದ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಕೊನೆಯವರೆಗೂ ದುಡಿದರು.

ದೃಷ್ಟಿಯ ಪ್ರಯೋಗ

ಇವರ ಪ್ರಯೋಗ ಸರಳವಾದುದು. ಪ್ರಖರವಾಗಿ ಬೆಳಗುವ ಬಿಳಿ ಪರದೆಯ ಒಂದು ಬಿಂದುವನ್ನು ಬಣ್ಣದ ಗಾಜಿನಂತಹ ಶೋಧಕದ ಮೂಲಕ ಸ್ವಲ್ಪ ಹೊತ್ತು ದಿಟ್ಟಿಸಬೇಕು. ದೃಷ್ಟಿಯನ್ನು ಕದಲಿಸದೆ ಶೋಧಕವನ್ನು ಥಟ್ಟನೆ ತೆಗೆದರೆ, ಪರದೆಯ ಮೇಲೆ ಇಲ್ಲದ ಬಣ್ಣದ ಚಿತ್ರವೊಂದು ಕ್ಷಣಕಾಲ ತೋರುತ್ತದೆ. ಇದು ನೋಡುವವರ ಅಕ್ಷಿಪಟಲದ್ದೇ ಚಿತ್ರವೆಂದು ರಾಮನ್ ಪ್ರತಿಪಾದಿಸಿದರು. ಈ ಅಧ್ಯಯನಗಳನ್ನು ಒಳಗೊಂಡ 'ದಿ ಫಿಸಿಯಾಲಜಿ ಆಫ್ ವಿಷನ್' ಗ್ರಂಥ ೧೯೬೮ರಲ್ಲಿ ಪ್ರಕಟವಾಯಿತು.

ಮೂರು ಬಗೆಯ ಗ್ರಾಹಕಗಳಿಂದ ಬಣ್ಣದ ಅರಿವು ಉಂಟಾಗುತ್ತದೆಂಬ ಯಂಗ್-ಹೆಲ್ಮ್‌ಹೋಲ್ಟ್ಸ್ ಸಿದ್ಧಾಂತವನ್ನು ಇವರು ಒಪ್ಪಲಿಲ್ಲ. ಆದರೆ ೧೯೬೪ರಲ್ಲೇ ಮಾನವನ ಕಣ್ಣಿನ ಶಂಕುಕೋಶಗಳನ್ನು ನೇರವಾಗಿ ಅಳೆದಾಗ ಮೂರು ಬಗೆಗಳು ಕಂಡುಬಂದಿದ್ದವು. ಹೀಗಾಗಿ ರಾಮನ್ ಅವರ ವಾದಕ್ಕೆ ಮನ್ನಣೆ ದೊರೆಯಲಿಲ್ಲ.

ನಂತರದ ಬೆಳವಣಿಗೆ

ನೋಡುತ್ತಿರುವ ಮಿದುಳನ್ನೇ ಚಿತ್ರಿಸುವ ಕ್ರಿಯಾತ್ಮಕ ಎಂ.ಆರ್.ಐ. ವಿಧಾನ ೧೯೯೦ರ ದಶಕದಲ್ಲಿ ಬಳಕೆಗೆ ಬಂದಿತು. ರಕ್ತದಲ್ಲಿನ ಆಮ್ಲಜನಕದ ಏರಿಳಿತದಿಂದ ಇದು ಮಿದುಳಿನ ಚಟುವಟಿಕೆಯನ್ನು ಗುರುತಿಸುತ್ತದೆ. ಚಲನೆಯನ್ನು ದಿಟ್ಟಿಸಿದ ಬಳಿಕ ನಿಶ್ಚಲ ಚಿತ್ರವೂ ಚಲಿಸುವಂತೆ ತೋರುವಾಗ, ಚಲನೆಯನ್ನು ಗ್ರಹಿಸುವ ಮಿದುಳಿನ ಭಾಗ ಸಕ್ರಿಯವಾಗಿರುವುದು ಇದರಿಂದ ತಿಳಿದುಬಂದಿದೆ. ರಾಮನ್ ಕಣ್ಣಿನಲ್ಲಿ ಅರಸಿದ ಉತ್ತರದ ಒಂದು ಪಾಲು ಮಿದುಳಿನಲ್ಲಿದೆ.