ಸ್ಕ್ರಿಪ್ಟಿನ ಮೊದಲ ಸಾಲು ಮತ್ತು ಡೆನ್ನಿಸ್ ರಿಚಿ

ಸಿ ಲ್ಯಾಬ್‌ಗೆ ಹೋದವರೆಲ್ಲ ಡೆನ್ನಿಸ್ ರಿಚಿ ಹೆಸರು ಕೇಳಿರ್ತೀವಿ. ಆದರೆ ಲಿನಕ್ಸ್ ಬೂಟ್ ಆಗುವಾಗ ನಾವು ಬರೆದಿಟ್ಟ ಸ್ಕ್ರಿಪ್ಟ್ ತಾನಾಗೇ ಓಡುತ್ತಲ್ಲ, ಅದರಲ್ಲೂ ಅವರ ಕೈವಾಡ ಇದೆ.

ರಿಚಿ ಹುಟ್ಟಿದ್ದು 1941ರಲ್ಲಿ, ನ್ಯೂಯಾರ್ಕ್ ರಾಜ್ಯದ ಬ್ರಾಂಕ್ಸ್‌ವಿಲ್‌ನಲ್ಲಿ. ಹಾರ್ವರ್ಡ್‌ನಲ್ಲಿ ಭೌತಶಾಸ್ತ್ರ ಓದಿದರು. ಪಿಎಚ್‌ಡಿ ಪ್ರಬಂಧವನ್ನೂ ಬರೆದರು, ಪದವಿ ಮಾತ್ರ ಪಡೆಯಲಿಲ್ಲ. 1967ರಲ್ಲಿ, ತಂದೆ ಕೆಲಸ ಮಾಡಿದ್ದ ಬೆಲ್ ಲ್ಯಾಬ್ಸನ್ನೇ ಸೇರಿದರು. 1969ರಲ್ಲಿ ಕೆನ್ ಥಾಂಪ್ಸನ್ ಯುನಿಕ್ಸ್ ಶುರು ಮಾಡಿದಾಗ ರಿಚಿ ಜೊತೆಯಾದರು.

1971ರ ಯುನಿಕ್ಸ್‌ನಲ್ಲಿ ಬೂಟ್‌ನ ಕೊನೆಗೆ ಇನಿಟ್ ಎಂಬ ಪ್ರೋಗ್ರಾಂ ಓಡುತ್ತಿತ್ತು. ಯಾವ ಡಿಸ್ಕ್ ಮೌಂಟ್ ಮಾಡಬೇಕು ಅನ್ನೋದು ಅದರ ಕೋಡ್ ಒಳಗೇ ಇತ್ತು. ಬದಲಾವಣೆ ಬೇಕಾದರೆ ಪ್ರೋಗ್ರಾಮನ್ನೇ ತಿದ್ದಬೇಕು. ಕೆಲವೇ ವರ್ಷಗಳಲ್ಲಿ ಆ ಕೆಲಸ ಇಟಿಸಿ ಡೈರೆಕ್ಟರಿಯ ಆರ್‌ಸಿ ಎಂಬ ಸಾದಾ ಟೆಕ್ಸ್ಟ್ ಫೈಲ್‌ಗೆ ಬಂತು. ಇನಿಟ್ ಶೆಲ್ಲನ್ನು ಕರೆದು ಆ ಫೈಲನ್ನು ಓದಿಸುತ್ತಿತ್ತು. ಡಿಸ್ಕ್ ಮೌಂಟ್ ಮಾಡೋದು, ತಾತ್ಕಾಲಿಕ ಫೈಲ್ ಅಳಿಸೋದು, ಡೀಮನ್ ಶುರು ಮಾಡೋದು ಎಲ್ಲಾ ಅಲ್ಲೇ. ಈಗ ಎಡಿಟರ್ ಬಳಸೋಕೆ ಬಂದರೆ ಸಾಕು, ಸಿಸ್ಟಮ್ ಹೇಗೆ ಏಳಬೇಕು ಅಂತ ನಿರ್ವಾಹಕರೇ ಬರೆದಿಡಬಹುದಿತ್ತು.

1973ರಲ್ಲಿ ಯುನಿಕ್ಸ್ ಕರ್ನಲ್ಲನ್ನು ರಿಚಿಯವರ ಸಿ ಭಾಷೆಯಲ್ಲಿ ಮತ್ತೆ ಬರೆದರು. ಮುಂದೆ ಅದನ್ನು ಬೇರೆ ಬೇರೆ ಯಂತ್ರಗಳಿಗೆ ಒಯ್ಯೋದು ಸುಲಭವಾಯ್ತು.

ಒಂದು ಕೊರತೆ ಉಳಿದಿತ್ತು. ಸ್ಕ್ರಿಪ್ಟನ್ನು ಕರ್ನಲ್ ನೇರವಾಗಿ ಓಡಿಸುತ್ತಿರಲಿಲ್ಲ, ಶೆಲ್ಲೇ ಅದನ್ನು ತೆರೆದು ಓದಬೇಕಿತ್ತು. 1980ರ ಜನವರಿಯಲ್ಲಿ ರಿಚಿ ಕರ್ನಲ್‌ಗೆ ಹೊಸ ನಿಯಮ ಸೇರಿಸಿದರು: ಫೈಲ್ #! ಇಂದ ಶುರುವಾದರೆ, ಆ ಸಾಲಿನಲ್ಲಿ ಹೆಸರಿಸಿದ ಇಂಟರ್‌ಪ್ರಿಟರ್‌ಗೆ ಅದನ್ನು ಕೊಡಬೇಕು. ಅಂದಿನಿಂದ ಸ್ಕ್ರಿಪ್ಟಿಗೂ ಪ್ರೋಗ್ರಾಮಿನ ಸ್ಥಾನ ಸಿಕ್ಕಿತು.

1991ರಲ್ಲಿ ಬಂದ ಲಿನಕ್ಸ್ ಕೂಡ ಇದೇ ಪದ್ಧತಿ ಹಿಡಿಯಿತು. ಇವತ್ತು ಹೆಚ್ಚಿನ ಡಿಸ್ಟ್ರೋಗಳಲ್ಲಿ ಬೂಟ್ ನೋಡಿಕೊಳ್ಳೋದು ಸಿಸ್ಟಮ್‌ಡಿ. ಅದರ ಸರ್ವೀಸ್ ಫೈಲ್‌ನಲ್ಲಿ ನಿಮ್ಮ ಶೆಲ್ ಸ್ಕ್ರಿಪ್ಟಿನ ಪಾತ್ ನೇರವಾಗಿ ಕೊಟ್ಟು, ಆ ಮೊದಲ ಸಾಲು ಮರೆತರೆ ಸರ್ವೀಸ್ ಏಳೋದೇ ಇಲ್ಲ. ಎಕ್ಸಿಕ್ಯೂಟ್ ಅನುಮತಿ ಕೊಡದಿದ್ದರೂ ಅಷ್ಟೇ.

1983ರಲ್ಲಿ ಥಾಂಪ್ಸನ್ ಜೊತೆ ರಿಚಿಗೆ ಟ್ಯೂರಿಂಗ್ ಪ್ರಶಸ್ತಿ ಬಂತು. 2007ರಲ್ಲಿ ನಿವೃತ್ತರಾದರು. 2011ರ ಅಕ್ಟೋಬರ್ 12ರಂದು, ಒಬ್ಬರೇ ಇದ್ದ ನ್ಯೂಜೆರ್ಸಿಯ ಮನೆಯಲ್ಲಿ ತೀರಿಕೊಂಡಿದ್ದು ಗೊತ್ತಾಯಿತು. ವಯಸ್ಸು 70. ಅದಕ್ಕೆ ಒಂದು ವಾರ ಮುಂಚೆ ಸ್ಟೀವ್ ಜಾಬ್ಸ್ ತೀರಿಕೊಂಡಿದ್ದರು. ಜಗತ್ತೆಲ್ಲ ಆ ಸುದ್ದಿಯಲ್ಲೇ ಇತ್ತು, ರಿಚಿ ಹೋಗಿದ್ದು ಬಹಳ ಜನಕ್ಕೆ ತಿಳಿಯಲೇ ಇಲ್ಲ. ಜಾಬ್ಸ್ ಮಾರಿದ ಮ್ಯಾಕ್ ಮತ್ತು ಐಫೋನ್‌ಗಳ ಒಳಗೂ ಯುನಿಕ್ಸ್ ವಂಶದ ಸಿಸ್ಟಮ್ಮೇ ಇತ್ತು.