ಅಮ್ಮ ಬರ್ತಾಳೆ ಅಂತ ಕಾದ ಹುಡುಗ

ಇವತ್ತು ಒಬ್ಬ ದೇವಭಕ್ತನ ಜೀವನವನ್ನು ನಿಮ್ಮ ಮುಂದೆ ಇಡ್ತೀನಿ. ವಿಲಿಯಂ ಕೂಪರ್, ಇಂಗ್ಲೆಂಡಿನ ಕವಿ. ಯೇಸುವಿನ ರಕ್ತದ ಬುಗ್ಗೆಯ ಬಗ್ಗೆ ಇಂಗ್ಲಿಷ್ ಆರಾಧನೆಯಲ್ಲಿ ಹಾಡ್ತೀವಲ್ಲ, ಅದನ್ನು ಬರೆದವರು ಇವರೇ.

ಹುಟ್ಟಿದ್ದು 1731ರಲ್ಲಿ. ತಂದೆ ಸಭಾಪಾಲಕರು. ಹುಡುಗನಿಗೆ ಆರು ತುಂಬುವ ಹೊತ್ತಿಗೆ ತಾಯಿ ಹೆರಿಗೆಯ ನಂತರ ತೀರಿಹೋದರು. ಮನೆಗೆಲಸದವರು ಸಮಾಧಾನಕ್ಕೆ, ಅಮ್ಮ ಬೇಗ ಬರ್ತಾಳೆ ಅಂತ ಸುಳ್ಳು ಹೇಳಿದರು. ಆ ಮಗು ದಿನಾ ಕಾಯ್ತು. ಆಮೇಲೆ ಹಾಸ್ಟೆಲ್ ಶಾಲೆಗೆ ಕಳಿಸಿದರು. ಅಲ್ಲಿ ಸುಮಾರು 15 ವರ್ಷದ ಒಬ್ಬ ಹುಡುಗ ಇವನನ್ನು ಗುಟ್ಟಾಗಿ ಹಿಂಸಿಸುತ್ತಿದ್ದ. ಎಷ್ಟು ಹೆದರಿಕೆ ಅಂದ್ರೆ, ತಲೆ ಎತ್ತಿ ಅವನ ಮುಖ ನೋಡಲಿಲ್ಲ. ಶೂಗಳ ಬಕಲ್ ನೋಡಿಯೇ ಅವನನ್ನು ಗುರುತಿಸುತ್ತಿದ್ದ.

ಮಗು ಬೆಳೆಯಿತು, ಭಯವೂ ಜೊತೆಗೇ ಬೆಳೆಯಿತು. 1763ರಲ್ಲಿ ಪಾರ್ಲಿಮೆಂಟಿನಲ್ಲಿ ಒಳ್ಳೆ ಕೆಲಸ ಸಿಗುವುದರಲ್ಲಿತ್ತು. ಎಲ್ಲರೆದುರು ಪರೀಕ್ಷೆ ಕೊಡಬೇಕು ಅಂದಾಗ ಕೂಪರ್ ಕುಸಿದುಹೋದರು, ಪ್ರಾಣ ಕಳೆದುಕೊಳ್ಳಲು ಯತ್ನಿಸಿದರು. ದೇವರು ಉಳಿಸಿದರು. ಸೇಂಟ್ ಆಲ್ಬನ್ಸ್‌ನಲ್ಲಿ ವಿಶ್ವಾಸಿಯಾದ ಡಾಕ್ಟರ್ ನಥಾನಿಯಲ್ ಕಾಟನ್ ಅವರ ಆರೈಕೆ ಸಿಕ್ಕಿತು. ಅಲ್ಲೇ 1764ರಲ್ಲಿ ರೋಮಾಪುರದವರಿಗೆ ಬರೆದ ಪತ್ರಿಕೆಯ 3ನೇ ಅಧ್ಯಾಯ ಓದುವಾಗ ಕ್ರಿಸ್ತನ ಕ್ಷಮೆ ಅವರ ಹೃದಯಕ್ಕೆ ಇಳಿಯಿತು. ಹಲ್ಲೆಲೂಯಾ!

ನಮ್ಮ ಸಾಕ್ಷಿಗಳು ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತವೆ. ಅವರದ್ದು ಮುಗಿಯಲಿಲ್ಲ. ಓಲ್ನಿ ಎಂಬ ಊರಲ್ಲಿ ಜಾನ್ ನ್ಯೂಟನ್ ಜೊತೆ ಹಾಡು ಬರೆದರು, ಬಡವರ ಮನೆಗಳಲ್ಲಿ ಪ್ರಾರ್ಥಿಸಿದರು. 1773ರಲ್ಲಿ ಕತ್ತಲೆ ಮತ್ತೆ ಬಂತು. ದೇವರು ನನ್ನನ್ನು ತಳ್ಳಿಬಿಟ್ಟಿದ್ದಾನೆ ಅಂತ ನಂಬಿಬಿಟ್ಟರು. ಮತ್ತೆ ಆರಾಧನೆಗೆ ಹೋಗಲಿಲ್ಲ.

ನ್ಯೂಟನ್ ಏನು ಮಾಡಿದರು ಗೊತ್ತಾ? ಗದರಲಿಲ್ಲ. ವರ್ಷಕ್ಕೂ ಹೆಚ್ಚು ಕಾಲ ತಮ್ಮ ಮನೆಯಲ್ಲೇ ಇಟ್ಟುಕೊಂಡರು. ಮೇರಿ ಅನ್ವಿನ್ ಎಂಬ ವಿಧವೆ ತಾಯಿಯಂತೆ ನೋಡಿಕೊಂಡರು. ಕೂಪರ್ ಮೂರು ಮೊಲ ಸಾಕಿದರು, ತೋಟ ಮಾಡಿದರು, ಮತ್ತೆ ಬರೆದರು.

ಇನ್ನೊಂದು ವಿಷಯ. ನ್ಯೂಟನ್ ಕೂಡ ಏಳು ತುಂಬುವ ಮೊದಲೇ ತಾಯಿಯನ್ನು ಕಳೆದುಕೊಂಡವರು. ಅವರ ಮನಸ್ಸು ಹೀಗೆ ಮುರಿಯಲಿಲ್ಲ. ಚಿಕ್ಕಂದಿನ ನೋವು ಎಲ್ಲರನ್ನೂ ಕಾಯಿಲೆಗೆ ತಳ್ಳುವುದಿಲ್ಲ, ಆದರೆ ಅಪಾಯ ಹೆಚ್ಚಿಸುತ್ತದೆ ಅಂತ ಇಂದಿನ ವೈದ್ಯರು ಹೇಳ್ತಾರೆ. ಆದರೂ ನ್ಯೂಟನ್, ನಾನು ತಡಕೊಂಡೆ, ನಿನಗೇನು ಅಂತ ಹೋಲಿಸಲಿಲ್ಲ. ನಾನು ಹೋಲಿಸಿದ್ದೀನಿ, ಪ್ರಿಯರೇ. ಡಿಪ್ರೆಶನ್ ಅಂತ ಬಂದ ಒಬ್ಬ ತಮ್ಮನಿಗೆ, ನಿನ್ನ ವಿಶ್ವಾಸ ಕಡಿಮೆ, ಇನ್ನೂ ಉಪವಾಸ ಮಾಡು ಅಂದುಬಿಟ್ಟೆ. ಅವನ ಬಾಲ್ಯದಲ್ಲಿ ಏನಾಗಿತ್ತು ಅಂತ ಕೇಳಲೇ ಇಲ್ಲ. ಆ ತಪ್ಪಿಗೆ ದೇವರ ಮುಂದೆ ಅತ್ತಿದ್ದೀನಿ.

1790ರಲ್ಲಿ, 58ನೇ ವಯಸ್ಸಿನಲ್ಲಿ, ಸಂಬಂಧಿಯೊಬ್ಬರು ಕೂಪರ್‌ಗೆ ತಾಯಿಯ ಚಿತ್ರ ಕಳಿಸಿದರು. ಅದಕ್ಕೆ ಮುತ್ತಿಟ್ಟು, ಮಲಗುವಾಗ ಕೊನೆಗೆ, ಏಳುವಾಗ ಮೊದಲು ಕಾಣುವ ಹಾಗೆ ತೂಗುಹಾಕಿದರು. ಐವತ್ತು ವರ್ಷ ದಾಟಿದರೂ ಆ ಗಾಯ ಹಸಿಯಾಗಿತ್ತು.

1800ರಲ್ಲಿ ಅವರು ತೀರಿಕೊಂಡರು. ಕತ್ತಲೆ ಪೂರ್ತಿ ಹೋಗಿರಲಿಲ್ಲ. ಆದರೆ ನಮ್ಮ ರಕ್ಷಣೆ ನಿಂತಿರುವುದು ನಮ್ಮ ಮನಸ್ಸಿನ ಸ್ಥಿತಿಯ ಮೇಲಲ್ಲ, ಶಿಲುಬೆಯ ಮೇಲೆ. ಅವರು ಕರ್ತನನ್ನು ಹಿಡಿಯಲಾರದಾಗ ಕರ್ತನೇ ಅವರನ್ನು ಹಿಡಿದಿದ್ದನು ಅಂತ ನಾನು ನಂಬ್ತೀನಿ.

ಎಲೀಯನು ಸಾವನ್ನು ಬೇಡಿದಾಗ ದೇವರು ಮೊದಲು ಕೊಟ್ಟದ್ದು ನಿದ್ದೆ, ರೊಟ್ಟಿ, ನೀರು. ನೀವೂ ಪ್ರಾರ್ಥಿಸಿ, ಡಾಕ್ಟರ ಹತ್ತಿರವೂ ಹೋಗಿ. ಕೊಟ್ಟ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಸಾಯುವ ಯೋಚನೆ ಬಂದರೆ ಈಗಲೇ ಯಾರಿಗಾದರೂ ಹೇಳಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಇರುತ್ತದೆ. ಮಿಕ್ಕವರು ನ್ಯೂಟನ್ ಆಗಿ. ಪಕ್ಕದಲ್ಲಿ ಕೂತವರ ಹೆಸರು ಹಿಡಿದು ಈಗ ಪ್ರಾರ್ಥಿಸೋಣ. ಆಮೆನ್.