ಎಡಿಸನ್ ಅಮ್ಮನಿಗೆ ಶಾಲೆಯಿಂದ ಬಂದ ಪತ್ರ ನಿಜವೇ? ಮನೆಯಲ್ಲೇ ಕಲಿತ ಹುಡುಗನ ಅಸಲಿ ಕತೆ

ಈ ಫಾರ್ವರ್ಡ್ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಪುಟ್ಟ ಥಾಮಸ್ ಎಡಿಸನ್ ಶಾಲೆಯಿಂದ ಬಂದು ಅಮ್ಮನ ಕೈಗೆ ಟೀಚರ್ ಕೊಟ್ಟ ಪತ್ರ ಕೊಡುತ್ತಾನೆ. ಅಮ್ಮ ಕಣ್ಣೀರು ಹಾಕುತ್ತಾ ಅದನ್ನು ಗಟ್ಟಿಯಾಗಿ ಓದುತ್ತಾಳೆ. ಮಗ ಮಹಾ ಬುದ್ಧಿವಂತ, ಅವನಿಗೆ ಕಲಿಸುವಷ್ಟು ದೊಡ್ಡ ಶಾಲೆ ನಮ್ಮದಲ್ಲ, ನೀವೇ ಕಲಿಸಿ ಎಂದು ಅದರಲ್ಲಿದೆಯಂತೆ. ಎಷ್ಟೋ ವರ್ಷಗಳ ಮೇಲೆ, ಅಮ್ಮ ತೀರಿಹೋದ ನಂತರ, ದೊಡ್ಡ ವಿಜ್ಞಾನಿಯಾದ ಎಡಿಸನ್‌ಗೆ ಬೀರುವಿನಲ್ಲಿ ಅದೇ ಪತ್ರ ಸಿಗುತ್ತದೆ. ಬಿಡಿಸಿ ನೋಡಿದರೆ, ನಿಮ್ಮ ಮಗನಿಗೆ ಬುದ್ಧಿ ಬೆಳೆದಿಲ್ಲ, ಇನ್ನು ಶಾಲೆಗೆ ಕಳಿಸಬೇಡಿ ಎಂದು ಬರೆದಿರುತ್ತದೆ.

ಓದಿದವರ ಕಣ್ಣು ಒದ್ದೆಯಾಗುತ್ತದೆ. ಅಕ್ಷರ ಕೂಡಿಸಿ ಓದಲು ಒದ್ದಾಡುವ, ಐದು ನಿಮಿಷ ಒಂದು ಕಡೆ ಕೂರದ ಮಗು ಮನೆಯಲ್ಲಿದ್ದರಂತೂ ಈ ಕತೆ ನಮಗಾಗಿಯೇ ಬಂದಂತೆ ಅನ್ನಿಸುತ್ತದೆ. ಜೊತೆಗೆ ಇನ್ನೊಂದು ಸಾಲೂ ಸೇರಿರುತ್ತದೆ: ಎಡಿಸನ್‌ಗೂ ಡಿಸ್ಲೆಕ್ಸಿಯಾ ಇತ್ತು, ಹಾಗಾಗಿ ಚಿಂತೆ ಬೇಡ, ಶಾಲೆ ಬಿಡಿಸಿ ಮನೆಯಲ್ಲೇ ಕಲಿಸಿ.

ಚುಟುಕಾಗಿ ಹೇಳಬೇಕೆಂದರೆ, ಆ ಪತ್ರದ ಕತೆ ಕಟ್ಟುಕತೆ. ಅಮ್ಮ ಮನೆಯಲ್ಲಿ ಕಲಿಸಿದ್ದು ನಿಜ. ಡಿಸ್ಲೆಕ್ಸಿಯಾ ಇತ್ತೆಂಬುದಕ್ಕೆ ಪುರಾವೆ ಇಲ್ಲ. ಒಂದೊಂದಾಗಿ ನೋಡೋಣ.

ಕೊನೆಯ ಮಗ

ಥಾಮಸ್ ಆಲ್ವಾ ಎಡಿಸನ್ ಹುಟ್ಟಿದ್ದು 1847ರ ಫೆಬ್ರವರಿ 11ರಂದು, ಅಮೆರಿಕದ ಓಹಾಯೋ ರಾಜ್ಯದ ಮಿಲನ್ ಎಂಬ ಸಣ್ಣ ಊರಿನಲ್ಲಿ. ತಂದೆ ಸ್ಯಾಮ್ಯುಯೆಲ್, ತಾಯಿ ನ್ಯಾನ್ಸಿ. ಏಳು ಮಕ್ಕಳಲ್ಲಿ ಇವನೇ ಕೊನೆಯವನು. ಮೂರು ಮಕ್ಕಳು ಎಳೆಯ ವಯಸ್ಸಿನಲ್ಲೇ ತೀರಿಹೋಗಿದ್ದರು. ಮನೆಯಲ್ಲಿ ಇವನನ್ನು ಆಲ್ ಎಂದು ಕರೆಯುತ್ತಿದ್ದರು.

ಹುಡುಗ ತಂಟೆಕೋರ. ಬೆಂಕಿ ಹೇಗೆ ಉರಿಯುತ್ತದೆ ಎಂದು ನೋಡಲು ಹೋಗಿ ಆರನೇ ವಯಸ್ಸಿನಲ್ಲಿ ಅಪ್ಪನ ಕೊಟ್ಟಿಗೆಯನ್ನೇ ಸುಟ್ಟ. ಅಪ್ಪ ಊರ ಮಧ್ಯೆ ನಿಲ್ಲಿಸಿ ಎಲ್ಲರೆದುರು ಹೊಡೆದರು. ಕಂಡದ್ದಕ್ಕೆಲ್ಲ ಏಕೆ, ಹೇಗೆ ಎಂದು ಕೇಳಿ ದೊಡ್ಡವರ ತಲೆ ತಿನ್ನುತ್ತಿದ್ದ. ಮಿಲನ್‌ನ ವ್ಯಾಪಾರವೆಲ್ಲ ಕಾಲುವೆಯನ್ನು ನಂಬಿಕೊಂಡಿತ್ತು. ರೈಲು ಬಂದ ಮೇಲೆ ಅದು ಬಿದ್ದುಹೋಯಿತು. 1854ರಲ್ಲಿ ಕುಟುಂಬ ಮಿಷಿಗನ್ ರಾಜ್ಯದ ಪೋರ್ಟ್ ಹ್ಯೂರನ್‌ಗೆ ಗುಳೆ ಹೋಯಿತು.

ಬಾಲ್ಯದಲ್ಲಿ ಆಲ್‌ಗೆ ಸ್ಕಾರ್ಲೆಟ್ ಜ್ವರ ಬಂದಿತ್ತು, ಕಿವಿ ಸೋಂಕೂ ಕಾಡುತ್ತಿತ್ತು. ಹೀಗಾಗಿ ಶಾಲೆಗೆ ಸೇರಿದ್ದೇ ತಡವಾಗಿ.

ಶಾಲೆಯಲ್ಲಿ ನಡೆದದ್ದೇನು?

ಆಲ್ ಏಳೆಂಟು ವರ್ಷದವನಿದ್ದಾಗ ಪಾದ್ರಿ ಎಂಗಲ್ ಎಂಬುವರು ನಡೆಸುತ್ತಿದ್ದ ಖಾಸಗಿ ಶಾಲೆಗೆ ಹೋಗತೊಡಗಿದ. ಆಗಿನ ಶಾಲೆಯಲ್ಲಿ ಕಲಿಸುವುದೆಂದರೆ ಗಿಳಿಪಾಠ ಒಪ್ಪಿಸುವುದು, ತಪ್ಪಿದರೆ ಏಟು ತಿನ್ನುವುದು. ಇವನಿಗೆ ಅದು ಹಿಡಿಸಲಿಲ್ಲ, ಪಾಠದ ಮೇಲೆ ಗಮನ ನಿಲ್ಲಲಿಲ್ಲ. ಈ ಹುಡುಗನ ತಲೆ ಸರಿಯಿಲ್ಲ ಎಂಬರ್ಥದಲ್ಲಿ ಮೇಷ್ಟ್ರು ಮಾತಾಡಿದ್ದು ಒಂದು ದಿನ ಅವನ ಕಿವಿಗೇ ಬಿತ್ತು. ಅಳುತ್ತಾ ಮನೆಗೆ ಓಡಿದ.

ಇದನ್ನು ಹೇಳಿಕೊಂಡವರು ಸ್ವತಃ ಎಡಿಸನ್. ಅಮ್ಮ ಮರುಕ್ಷಣವೇ ಅವನನ್ನು ಕರೆದುಕೊಂಡು ಶಾಲೆಗೆ ಹೋಗಿ ಮೇಷ್ಟ್ರನ್ನು ತರಾಟೆಗೆ ತೆಗೆದುಕೊಂಡರಂತೆ. ನಿಮಗಿಂತ ನನ್ನ ಮಗನಿಗೇ ಹೆಚ್ಚು ಬುದ್ಧಿಯಿದೆ ಎಂಬ ಧಾಟಿಯಲ್ಲಿ ಹೇಳಿ ಶಾಲೆ ಬಿಡಿಸಿದರು. ಆಲ್ ಅಲ್ಲಿ ಕಳೆದದ್ದು ಕೆಲವೇ ತಿಂಗಳು.

ಫಾರ್ವರ್ಡ್‌ಗೂ ಇದಕ್ಕೂ ಇರುವ ವ್ಯತ್ಯಾಸ ನೋಡಿ. ಇಲ್ಲಿ ಪತ್ರವೂ ಇಲ್ಲ, ಬೀರುವೂ ಇಲ್ಲ. ಅಮ್ಮ ಏನನ್ನೂ ಮುಚ್ಚಿಡಲಿಲ್ಲ. ಮೇಷ್ಟ್ರು ಏನೆಂದರು ಎನ್ನುವುದು ಹುಡುಗನಿಗೆ ಮೊದಲ ದಿನದಿಂದಲೇ ಗೊತ್ತಿತ್ತು. ಅದಕ್ಕೆ ಅಮ್ಮ ಏನು ಮಾಡಿದರು ಎನ್ನುವುದೂ ಗೊತ್ತಿತ್ತು. ಅವನನ್ನು ಕೈಹಿಡಿದು ನಿಲ್ಲಿಸಿದ್ದು ಸುಳ್ಳಲ್ಲ, ಎಲ್ಲ ಗೊತ್ತಿದ್ದೂ ಅಮ್ಮ ತನ್ನ ಪರ ನಿಂತರು ಎಂಬ ಸತ್ಯ.

ನ್ಯಾನ್ಸಿ ಹೇಗೆ ಕಲಿಸಿದರು?

ಫಾರ್ವರ್ಡ್‌ನಲ್ಲಿ ಬಿಟ್ಟುಹೋಗುವ ಒಂದು ಮುಖ್ಯ ವಿಷಯವಿದೆ. ನ್ಯಾನ್ಸಿ ಮದುವೆಗೆ ಮುಂಚೆ ಕೆನಡಾದಲ್ಲಿ ಟೀಚರ್ ಆಗಿದ್ದವರು. ಮಕ್ಕಳಿಗೆ ಕಲಿಸುವುದು ಅವರಿಗೆ ಹೊಸದಲ್ಲ.

ದಿನಕ್ಕೆ ಇಷ್ಟು ಹೊತ್ತು ಪಾಠ ಎಂದು ಅವರು ನಿಗದಿ ಮಾಡಿದ್ದರು. ಓದು, ಬರಹ, ಲೆಕ್ಕ ಕಲಿಸಿದರು. ಇತಿಹಾಸದ ದೊಡ್ಡ ದೊಡ್ಡ ಪುಸ್ತಕಗಳನ್ನು ತಾವೇ ಗಟ್ಟಿಯಾಗಿ ಓದಿ ಹೇಳಿದರು. ಹುಡುಗ ಒಂಬತ್ತು ವರ್ಷದವನಿದ್ದಾಗ ಪಾರ್ಕರ್ ಎಂಬುವರು ಬರೆದ ಶಾಲಾ ವಿಜ್ಞಾನದ ಪುಸ್ತಕವೊಂದನ್ನು ಕೈಗಿಟ್ಟರು. ಅದರಲ್ಲಿ ಮನೆಯಲ್ಲೇ ಮಾಡಬಹುದಾದ ಪ್ರಯೋಗಗಳಿದ್ದವು. ಆಲ್ ಅವನ್ನು ಮಾಡಿ ನೋಡತೊಡಗಿದ. ಮನೆಯ ನೆಲಮಾಳಿಗೆ ಬಾಟಲಿಗಳಿಂದ ತುಂಬಿತು. ಯಾರೂ ಮುಟ್ಟದಿರಲಿ ಎಂದು ಎಲ್ಲದರ ಮೇಲೂ ವಿಷ ಎಂದು ಚೀಟಿ ಅಂಟಿಸಿದ್ದ.

ಹಾಗಂತ ಎಲ್ಲವೂ ಮುದ್ದಿನಲ್ಲೇ ನಡೆಯಲಿಲ್ಲ. ನ್ಯಾನ್ಸಿ ಶಿಸ್ತಿನ ಹೆಂಗಸು, ಗಡಿಯಾರದ ಹಿಂದೆ ಬೆತ್ತ ಇಟ್ಟಿರುತ್ತಿದ್ದರು. ಆಲ್ ನಂತರ ಊರಿನ ಇನ್ನೊಂದು ಶಾಲೆಗೂ ಸ್ವಲ್ಪ ಕಾಲ ಹೋದ. ಪೂರ್ತಿ ಮನೆಯಲ್ಲೇ ಕಲಿತ ಎನ್ನುವುದೂ ಅರ್ಧ ನಿಜ.

ರೈಲಿನಲ್ಲಿ ಪತ್ರಿಕೆ

1859ರಲ್ಲಿ, ಹನ್ನೆರಡನೇ ವಯಸ್ಸಿಗೆ, ಪೋರ್ಟ್ ಹ್ಯೂರನ್ ಮತ್ತು ಡೆಟ್ರಾಯಿಟ್ ನಡುವಿನ ರೈಲಿನಲ್ಲಿ ಪೇಪರ್, ಮಿಠಾಯಿ ಮಾರುವ ಕೆಲಸಕ್ಕೆ ಸೇರಿದ. ಬಿಡುವಿದ್ದಾಗ ಡೆಟ್ರಾಯಿಟ್‌ನ ಲೈಬ್ರರಿಯಲ್ಲಿ ಕೂತು ಓದುತ್ತಿದ್ದ. 1862ರಲ್ಲಿ ಸಾಮಾನಿನ ಬೋಗಿಯಲ್ಲೇ ಸಣ್ಣ ಮುದ್ರಣ ಯಂತ್ರ ಇಟ್ಟುಕೊಂಡು ತನ್ನದೇ ವಾರಪತ್ರಿಕೆ ಹೊರಡಿಸಿದ. ಅದೇ ವರ್ಷ ಸ್ಟೇಷನ್ ಮಾಸ್ಟರ್ ಒಬ್ಬರ ಮಗುವನ್ನು ರೈಲಿಗೆ ಸಿಗದಂತೆ ಕಾಪಾಡಿದ. ಅವರು ಋಣ ತೀರಿಸಲು ಟೆಲಿಗ್ರಾಫ್ ಕಲಿಸಿಕೊಟ್ಟರು. ಅವನ ಬದುಕು ತಿರುಗಿದ್ದು ಅಲ್ಲಿಂದ.

ಈ ಹೊತ್ತಿಗೆ ಕಿವಿ ಮಂದವಾಗಿತ್ತು. ರೈಲಿನ ಗಾರ್ಡ್ ಕಪಾಳಕ್ಕೆ ಹೊಡೆದು ಕಿವಿ ಹೋಯಿತು ಎಂಬ ಕತೆಯೂ ಓಡಾಡುತ್ತದೆ. ಎಡಿಸನ್ ಸ್ವತಃ ಬೇರೆಯದೇ ಕಾರಣ ಹೇಳುತ್ತಿದ್ದರು: ಚಲಿಸುವ ರೈಲು ಹತ್ತುವಾಗ ಯಾರೋ ಕಿವಿ ಹಿಡಿದು ಮೇಲೆಳೆದರು ಎಂದು. ಬಾಲ್ಯದ ಜ್ವರ, ಸೋಂಕುಗಳೇ ಕಾರಣವಿರಬಹುದು ಎನ್ನುವುದು ಹೆಚ್ಚು ಒಪ್ಪುವ ಮಾತು. ಹಾಗಿದ್ದರೆ ಶಾಲೆಯಲ್ಲಿ ಹುಡುಗ ಮಂಕಾಗಿ ಕೂರಲು ಮೇಷ್ಟ್ರ ಮಾತು ಸರಿಯಾಗಿ ಕೇಳದಿದ್ದದ್ದೂ ಒಂದು ಕಾರಣವಾಗಿರಬಹುದಲ್ಲವೇ?

ಗೆದ್ದದ್ದು ಒಬ್ಬರೇ ಅಲ್ಲ

1869ರಲ್ಲಿ ಎಡಿಸನ್‌ಗೆ ಮೊದಲ ಪೇಟೆಂಟ್ ಸಿಕ್ಕಿತು, ವೋಟು ಎಣಿಸುವ ವಿದ್ಯುತ್ ಯಂತ್ರಕ್ಕೆ. ಅದನ್ನು ಯಾರೂ ಕೊಳ್ಳಲಿಲ್ಲ. 1871ರ ಏಪ್ರಿಲ್‌ನಲ್ಲಿ ನ್ಯಾನ್ಸಿ ತೀರಿಕೊಂಡರು. ಮಗನಿಗೆ ಆಗ 24 ವರ್ಷ. ಫೋನೋಗ್ರಾಫ್ ಬಂದದ್ದು 1877ರಲ್ಲಿ, ಬಹಳ ಹೊತ್ತು ಉರಿಯುವ ಬಲ್ಬು 1879ರಲ್ಲಿ, ನ್ಯೂಯಾರ್ಕ್‌ನ ಪರ್ಲ್ ಸ್ಟ್ರೀಟ್ ವಿದ್ಯುತ್ ಕೇಂದ್ರ 1882ರಲ್ಲಿ. ಯಾವುದನ್ನೂ ಅಮ್ಮ ನೋಡಲಿಲ್ಲ. ತಾನು ಏನಾದರೂ ಆಗಿದ್ದರೆ ಅಮ್ಮನಿಂದ ಎಂದು ಎಡಿಸನ್ ಕೊನೆವರೆಗೂ ಹೇಳುತ್ತಿದ್ದರು.

ಅವರಿಗೆ ಎಲ್ಲವೂ ಬರುತ್ತಿತ್ತು ಎಂದುಕೊಳ್ಳಬೇಡಿ. ಗಣಿತ ಅವರಿಗೆ ಒಲಿಯಲಿಲ್ಲ. ಅದಕ್ಕಾಗಿ ಫ್ರಾನ್ಸಿಸ್ ಅಪ್ಟನ್ ಎಂಬ ಗಣಿತಜ್ಞರನ್ನು ಕೆಲಸಕ್ಕೆ ಇಟ್ಟುಕೊಂಡರು. ಕಾಗದದ ಮೇಲಿನ ಆಲೋಚನೆಯನ್ನು ಯಂತ್ರವಾಗಿಸಲು ಚಾರ್ಲ್ಸ್ ಬ್ಯಾಚಲರ್ ಇದ್ದರು. 1931ರ ಅಕ್ಟೋಬರ್ 18ರಂದು ತೀರಿಕೊಂಡ ಎಡಿಸನ್ ಹೆಸರಲ್ಲಿ ಅಮೆರಿಕದ ಒಟ್ಟು 1,093 ಪೇಟೆಂಟ್‌ಗಳಿವೆ. ಅದರ ಹಿಂದೆ ದೊಡ್ಡದೊಂದು ತಂಡವಿತ್ತು.

ಇನ್ನೊಂದು ಸಂಗತಿ: ಎಡಿಸನ್ ತಮ್ಮ ಮಕ್ಕಳನ್ನು ಶಾಲೆಗೇ ಕಳಿಸಿದರು. ಕಿರಿಯ ಮಗ ಥಿಯೋಡೋರ್ ಎಂಐಟಿಯಲ್ಲಿ ಪದವಿ ಪಡೆದರು.

ಹಾಗಾದರೆ ಡಿಸ್ಲೆಕ್ಸಿಯಾ?

ಡಿಸ್ಲೆಕ್ಸಿಯಾ ಎಂಬ ಪದ ಹುಟ್ಟಿದ್ದು 1887ರಲ್ಲಿ, ಜರ್ಮನಿಯ ಕಣ್ಣಿನ ವೈದ್ಯ ರುಡಾಲ್ಫ್ ಬರ್ಲಿನ್ ಅವರಿಂದ. ಬುದ್ಧಿವಂತ ಹುಡುಗನೊಬ್ಬನಿಗೆ ಓದಲು ಮಾತ್ರ ಬರುತ್ತಿಲ್ಲ ಎಂದು ಬ್ರಿಟನ್ನಿನ ವೈದ್ಯ ಪ್ರಿಂಗಲ್ ಮಾರ್ಗನ್ ಬರೆದದ್ದು 1896ರಲ್ಲಿ. ಎಡಿಎಚ್‌ಡಿ ಎಂಬ ಹೆಸರು ಬಂದದ್ದು 1987ರಲ್ಲಿ. ಆಲ್ ಶಾಲೆಯಲ್ಲಿದ್ದಾಗ ಇದ್ಯಾವುದೂ ಇರಲಿಲ್ಲ, ಯಾರೂ ಪರೀಕ್ಷೆ ಮಾಡಲಿಲ್ಲ.

ಅವರ ಎಳೆಯ ವಯಸ್ಸಿನ ಪತ್ರಗಳಲ್ಲಿ ಕಾಗುಣಿತದ ತಪ್ಪುಗಳಿವೆ ನಿಜ. ಆದರೆ ಹತ್ತು ವರ್ಷದ ಆಸುಪಾಸಿನಲ್ಲೇ ದಪ್ಪ ಪುಸ್ತಕ ಓದುತ್ತಿದ್ದರು, ಟೆಲಿಗ್ರಾಫ್‌ನಲ್ಲಿ ಬರುವ ಸುದ್ದಿಯನ್ನು ವೇಗವಾಗಿ ಅಂದವಾಗಿ ಬರೆದುಕೊಳ್ಳುತ್ತಿದ್ದರು. ಓದಲು ತೊಡಕಿರುವವರ ಲಕ್ಷಣ ಇದಲ್ಲ. ಒಂದು ಕಡೆ ಕೂರದ ಸ್ವಭಾವವೇನೋ ಇತ್ತು. ಅಷ್ಟರಿಂದಲೇ ಎಡಿಎಚ್‌ಡಿ ಎಂದು ಹೇಳಲು ಆಗುವುದಿಲ್ಲ.

ನಮ್ಮ ಮಗುವಿನ ವಿಷಯಕ್ಕೆ ಬಂದರೆ

ಕಡರನಾಯಕನಹಳ್ಳಿಯಲ್ಲೋ ಹರಿಹರದಲ್ಲೋ ಎರಡನೇ ಕ್ಲಾಸಿನ ಮಗು ಒತ್ತಕ್ಷರ ತಪ್ಪಿಸುತ್ತದೆ ಎಂದ ಮಾತ್ರಕ್ಕೆ ಗಾಬರಿ ಬೇಡ. ಕನ್ನಡದಲ್ಲಿ ಕಾಗುಣಿತ, ಒತ್ತಕ್ಷರ ಎಲ್ಲ ಸೇರಿದರೆ ಕಲಿಯಬೇಕಾದ ರೂಪಗಳು ನೂರಾರು. ಕನ್ನಡ ಮಕ್ಕಳ ಓದಿನ ಬಗ್ಗೆ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಎಲ್ಲ ಅಕ್ಷರರೂಪಗಳೂ ಕೈವಶವಾಗಲು ನಾಲ್ಕನೇ ಕ್ಲಾಸಿನವರೆಗೂ ಸಮಯ ಹಿಡಿಯುತ್ತದೆ.

ಗಮನಿಸಬೇಕಾದದ್ದು ಬೇರೆ. ಚೆನ್ನಾಗಿ ಹೇಳಿಕೊಟ್ಟರೂ ಅಕ್ಷರಕ್ಕೂ ಉಚ್ಚಾರಕ್ಕೂ ನಂಟು ಕೂಡದಿರುವುದು, ಪದವನ್ನು ಊಹಿಸಿ ಓದುವುದು, ಬಾಯಲ್ಲಿ ಸರಿಯಾಗಿ ಉತ್ತರ ಹೇಳುವ ಮಗು ಬರೆಯಲು ಕೂತರೆ ಅಳುವುದು, ಮನೆಯಲ್ಲಿ ಹಿರಿಯರಿಗೂ ಇಂಥದೇ ತೊಂದರೆ ಇದ್ದದ್ದು. ಇವು ವರ್ಷಗಟ್ಟಲೆ ಮುಂದುವರಿದರೆ ಸುಮ್ಮನೆ ಕಾಯಬೇಡಿ.

- ಮೊದಲು ಕಣ್ಣು, ಕಿವಿ ಪರೀಕ್ಷೆ ಮಾಡಿಸಿ. ಆಲ್‌ನ ಕತೆ ನೆನಪಿರಲಿ.
- ಸರ್ಕಾರಿ ಶಾಲೆ, ಅಂಗನವಾಡಿಗೆ ಬರುವ ಆರ್‌ಬಿಎಸ್‌ಕೆ ವೈದ್ಯರ ತಂಡಕ್ಕೆ ಹೇಳಿ. ಅವರು ನೋಡುವ ತೊಂದರೆಗಳ ಪಟ್ಟಿಯಲ್ಲಿ ಕಲಿಕೆಯ ತೊಡಕು, ಎಡಿಎಚ್‌ಡಿ ಎರಡೂ ಇವೆ. ದಾವಣಗೆರೆಯ ಜಿಲ್ಲಾ ಆಸ್ಪತ್ರೆಯಲ್ಲೂ ವಿಚಾರಿಸಬಹುದು. ಫೋನಿನಲ್ಲಿ ಮಾತಾಡಲು ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಉಚಿತ.
- ಡಿಸ್ಲೆಕ್ಸಿಯಾದಂಥ ನಿರ್ದಿಷ್ಟ ಕಲಿಕಾ ತೊಡಕು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಸೇರಿದೆ. 2018ರ ಕೇಂದ್ರ ಮಾರ್ಗಸೂಚಿಯಲ್ಲಿ 8 ವರ್ಷ ತುಂಬಿದ ಮೇಲೆ ಪ್ರಮಾಣಪತ್ರ ಕೊಡಬೇಕು ಎಂದಿತ್ತು. ಅದಿದ್ದರೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವವರ ನೆರವು ಕೇಳಬಹುದು.
- ಡಿಸ್ಲೆಕ್ಸಿಯಾಕ್ಕೆ ಮಾತ್ರೆ, ಟಾನಿಕ್ ಇಲ್ಲ. ಮಾರುವವರನ್ನು ನಂಬಬೇಡಿ. ಎಡಿಎಚ್‌ಡಿಗೆ ಔಷಧಿ ಇದೆ, ಆದರೆ ತಜ್ಞ ವೈದ್ಯರೇ ಕೊಡಬೇಕು.

ಮನೆಯಲ್ಲಿ ಕಲಿಸುವುದಾದರೆ ಒಮ್ಮೆಗೆ ಹದಿನೈದು ನಿಮಿಷ ಸಾಕು. ಒಂದು ದಿನಕ್ಕೆ ಒಂದೇ ಅಕ್ಷರ, ಅದರ ಉಚ್ಚಾರ. ತಟ್ಟೆಯಲ್ಲಿ ರಾಗಿ ಹಿಟ್ಟು ಹರಡಿ ಬೆರಳಲ್ಲಿ ಬರೆಸಿ, ಬರೆಯುತ್ತಲೇ ಬಾಯಲ್ಲಿ ಹೇಳಿಸಿ. ಮ, ಯ ತರಹದ ಹೋಲುವ ಅಕ್ಷರಗಳನ್ನು ಒಟ್ಟಿಗೆ ಕಲಿಸಬೇಡಿ. ನಡುವೆ ಎದ್ದು ಓಡಾಡಲು ಬಿಡಿ. ಒಂದು ಸಲಕ್ಕೆ ಒಂದೇ ಕೆಲಸ ಹೇಳಿ. ಪಾಠದ ಪುಸ್ತಕವನ್ನು ನೀವೇ ಓದಿ ಹೇಳಿ, ನ್ಯಾನ್ಸಿ ಮಾಡಿದಂತೆ. ಅವರ ಬೆತ್ತವನ್ನು ಮಾತ್ರ ಅಲ್ಲೇ ಬಿಡಿ.

ಶಾಲೆ ಬಿಡಿಸುವುದು ಬೇರೆಯೇ ವಿಷಯ. ಹೊಲದ ಕೆಲಸ, ಕೂಲಿ, ಅಂಗಡಿ ನೋಡಿಕೊಳ್ಳುವ ಅಪ್ಪ ಅಮ್ಮನಿಗೆ ಇಡೀ ದಿನ ಪಾಠ ಮಾಡಲು ಆಗುವುದಿಲ್ಲ, ಅದರಲ್ಲಿ ತಪ್ಪೇನೂ ಇಲ್ಲ. ಮಗುವಿಗೆ ಗೆಳೆಯರು, ಬಿಸಿಯೂಟ, ಆಟ ಸಿಗುವುದೂ ಶಾಲೆಯಲ್ಲೇ. ಶಾಲೆ ಬೇಡವೇ ಬೇಡ ಎನ್ನುವ ಸ್ಥಿತಿ ಬಂದರೆ ಎನ್‌ಐಒಎಸ್ ಮುಕ್ತ ಶಾಲೆಯ ಮೂಲಕ 3, 5, 8ನೇ ತರಗತಿಗೆ ಸಮನಾದ ಹಂತಗಳನ್ನೂ, ಆಮೇಲೆ ಹತ್ತನೇ ತರಗತಿಯನ್ನೂ ಮುಗಿಸಬಹುದು. ಅದಕ್ಕೂ ಮುಂಚೆ ಟೀಚರ್ ಜೊತೆ ಕೂತು ಒಮ್ಮೆ ಮಾತಾಡಿ.

ಫಾರ್ವರ್ಡ್ ಮಾಡುವ ದೊಡ್ಡ ತಪ್ಪು ಇದು: ಓದಲು ಕಷ್ಟಪಡುವ ಮಗು ಮುಂದೆ ಎಡಿಸನ್ ಆಗಲೇಬೇಕು ಎಂಬ ಹೊರೆಯನ್ನು ಅದು ಮಗುವಿನ ಮೇಲೂ ಅಮ್ಮನ ಮೇಲೂ ಹೊರಿಸುತ್ತದೆ. ಮಗು ಆಗದಿದ್ದರೆ? ಅಮ್ಮ ಸಾಲದಾದಳು ಎಂದಾಗುತ್ತದೆ. ಡಿಸ್ಲೆಕ್ಸಿಯಾ ಇರುವ ಮಗು ಜೀನಿಯಸ್ ಆಗಬೇಕಾಗಿಲ್ಲ. ಬಸ್ಸಿನ ಬೋರ್ಡು, ಔಷಧಿ ಚೀಟಿ, ಇಷ್ಟದ ಕತೆ ಓದುವಷ್ಟು ಬಂದು, ತಾನು ದಡ್ಡ ಅಲ್ಲ ಎಂದು ಅದಕ್ಕೆ ಗೊತ್ತಿದ್ದರೆ ಸಾಕು. ಮಿಕ್ಕದ್ದು ಅದರ ದಾರಿಯಲ್ಲಿ ಅದು ಹುಡುಕಿಕೊಳ್ಳುತ್ತದೆ.

ಆ ಪತ್ರದ ಮೆಸೇಜ್ ಮತ್ತೆ ಬಂದರೆ ಕಳಿಸಿದವರನ್ನು ಗದರಬೇಡಿ. ಅವರ ಮನೆಯಲ್ಲೂ ಅಂಥ ಮಗು ಇರಬಹುದು. ಪತ್ರ ಸುಳ್ಳು ಎಂದು ತಿಳಿಸಿ, ಜೊತೆಗೆ 14416 ನಂಬರ್ ಕೊಡಿ.